ಮಗ್ಗ ಕಣ್ಣು ತಿನ್ನುವುದಿಲ್ಲ

ಕೈಯಿಂದ ನೇಯ್ದ ಪೈಠಣಿ ಸೀರೆಯನ್ನು ಗುರುತಿಸಬೇಕೆಂದರೆ ಸೆರಗನ್ನು ಮಗುಚಿ ಹಿಂಬದಿ ನೋಡಬೇಕು ಎಂದು ಬಲ್ಲವರು ಹೇಳುತ್ತಾರೆ. ಯಂತ್ರದ ನೇಯ್ಗೆಯಾದರೆ ಹಿಂದೆ ಕತ್ತರಿಸಿದ ಎಳೆಗಳ ಗೋಜಲು ಕಾಣುತ್ತದೆ. ಕೈಮಗ್ಗದ ಪೈಠಣಿಯಲ್ಲಿ ನವಿಲು ಮುಂದೆ ಹೇಗಿದೆಯೋ ಹಿಂದೆಯೂ ಹಾಗೇ ಇರುತ್ತದೆ. ಅಷ್ಟು ಚೊಕ್ಕವಾಗಿ ಎರಡೂ ಮುಖ ಮೂಡಬೇಕಾದರೆ ನೇಕಾರರು ಬರಿಗಣ್ಣಿನಿಂದ ಒಂದೊಂದು ಎಳೆಯನ್ನೂ ಎಣಿಸಿ ಹಾಕಿರಬೇಕು. ಇವತ್ತು ಕಣ್ಣಿನ ಆರೋಗ್ಯದ ಬಗ್ಗೆ ಮಾತಾಡಲು ಕೂತಿರುವ ನಾನು ಆ ಎಣಿಸುವ ಕಣ್ಣಿನಿಂದಲೇ ಶುರು ಮಾಡುತ್ತೇನೆ.

ಈ ಸೀರೆಗೆ ಹೆಸರು ಕೊಟ್ಟ ಪೈಠಣ ನಮಗೆ ಹೊರಗಿನ ಊರೇನಲ್ಲ. ಅದರ ಹಳೆಯ ಹೆಸರು ಪ್ರತಿಷ್ಠಾನ, ಸಾತವಾಹನರ ರಾಜಧಾನಿ. ಊರು ಇರುವುದು ಗೋದಾವರಿಯ ದಡದಲ್ಲಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಇದೇ ಗೋದಾವರಿಯವರೆಗೆ ಎಳೆದು ಹೇಳಿತು. ಇವತ್ತು ಪೈಠಣ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ಪೈಠಣಿ ನೇಯುವ ಮಗ್ಗಗಳು ಅಲ್ಲಿಯೂ ಇವೆ, ನಾಶಿಕ ಜಿಲ್ಲೆಯ ಯೇವಲೆಯಲ್ಲಿಯೂ ಇವೆ. 2010ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು.

ಆ ಮಗ್ಗದ ಮುಂದೆ ಕೂತವರ ಕೆಲಸವನ್ನು ಸ್ವಲ್ಪ ನೋಡೋಣ. ಅಂಚು ಮತ್ತು ಸೆರಗಿನ ಚಿತ್ತಾರವನ್ನು ಎತ್ತಿಕೊಡುವ ಯಂತ್ರ ಅಲ್ಲಿಲ್ಲ. ಬಣ್ಣ ಬಣ್ಣದ ರೇಷ್ಮೆ ಸುತ್ತಿದ ಪುಟ್ಟ ಪುಟ್ಟ ಕಂಡಿಕೆಗಳು ಹಾಸಿನ ಮೇಲೆ ಸಾಲಾಗಿ ಮಲಗಿರುತ್ತವೆ. ನವಿಲಿನ ಕೊರಳಿಗೆ ಒಂದು, ಗರಿಗೆ ಇನ್ನೊಂದು, ಗಿಳಿಯ ಕೊಕ್ಕಿಗೆ ಮತ್ತೊಂದು. ಎಷ್ಟು ಎಳೆ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು, ಪಕ್ಕದ ಬಣ್ಣಕ್ಕೆ ಎಲ್ಲಿ ಕೊಕ್ಕೆ ಹಾಕಬೇಕು, ಎಲ್ಲವನ್ನೂ ಕಣ್ಣು ಎಣಿಸಿ ಹೇಳಬೇಕು, ಬೆರಳು ಕೇಳಬೇಕು. ಹಿಂದೆ ಜರಿ ಹೊಳೆಯುತ್ತಿರುತ್ತದೆ. ಆ ಹೊಳಪಿನ ಮೇಲೆ ಕೂದಲಿನಂಥ ಎಳೆಯನ್ನು ಹುಡುಕುವುದು ಸಾಮಾನ್ಯ ಕಷ್ಟವಲ್ಲ. ಸೆರಗು ತುಂಬಿದ ಹಾಗೆಲ್ಲ ಕೆಲಸ ಬೆಳೆಯುತ್ತದೆ. ಒಂದು ಸೀರೆ ತಿಂಗಳಲ್ಲಿ ಇಳಿಯಬಹುದು, ವರ್ಷವನ್ನೂ ತೆಗೆದುಕೊಳ್ಳಬಹುದು.

ಇಂಥ ಕೆಲಸ ಮಾಡುವವರು ನಲವತ್ತು ದಾಟಿದಾಗ ಹೇಳುವ ಮಾತು ಒಂದಿದೆ. ನಮ್ಮ ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ, ಮೊಳಕಾಲ್ಮೂರಿನಲ್ಲಿ ನೇಕಾರರ ಓಣಿ ಹೊಕ್ಕರೂ ಅದೇ ಮಾತು ಕೇಳುತ್ತದೆ: ಮಗ್ಗ ನನ್ನ ಕಣ್ಣು ತಿಂದಿತು. ಹೊಲಿಗೆ ಹೊಲಿಯುವ ಅಕ್ಕ ಸೂಜಿ ನನ್ನ ಕಣ್ಣು ತಿಂದಿತು ಅನ್ನುತ್ತಾಳೆ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ತಾಯಂದಿರೂ ಹಾಗೇ ಅಂದುಕೊಳ್ಳುತ್ತಾರೆ. ಇಷ್ಟು ವರ್ಷ ದುಡಿಸಿಕೊಂಡೆವು, ಕಣ್ಣು ಸವೆದುಹೋಯಿತು, ಇನ್ನು ಇದ್ದಷ್ಟು ದಿನ ಹೀಗೇ ಎಂದು ಒಪ್ಪಿಕೊಂಡು, ನಾಜೂಕಿನ ಕೆಲಸವನ್ನು ಮಗನಿಗೋ ಸೊಸೆಗೋ ಬಿಟ್ಟು, ತಾವು ಕಂಡಿಕೆ ಸುತ್ತಲು ಕೂರುತ್ತಾರೆ. ಕೈ ಪಳಗಿರುತ್ತದೆ, ಕಸುಬಿನ ಗುಟ್ಟೆಲ್ಲ ತಲೆಯಲ್ಲಿರುತ್ತದೆ. ಅಂಥವರು ಮಗ್ಗದಿಂದ ಏಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವರ ಈ ನಂಬಿಕೆ ನಿಜವಲ್ಲ.

ಕಣ್ಣು ದುಡಿದು ಸವೆಯುವುದಿಲ್ಲ. ನಮ್ಮ ಕಣ್ಣಿನೊಳಗೆ ಒಂದು ಮಸೂರ ಇದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು, ದೂರ ನೋಡುವಾಗ ಚಪ್ಪಟೆಯಾಗಬೇಕು. ಅದರ ಸುತ್ತ ಉಂಗುರದ ಹಾಗೆ ಇರುವ ಪುಟ್ಟ ಸ್ನಾಯು ಈ ಕೆಲಸ ಮಾಡಿಸುತ್ತದೆ. ಎಳವೆಯಲ್ಲಿ ಮಸೂರ ಎಳನೀರಿನ ಗಂಜಿಯ ಹಾಗೆ ಮೆತ್ತಗಿದ್ದು, ವರ್ಷ ಕಳೆದಂತೆ ಕೊಬ್ಬರಿಯ ಹಾಗೆ ಬಿಗಿಯುತ್ತಾ ಹೋಗುತ್ತದೆ. 10 ವರ್ಷದ ಹುಡುಗಿ ಪುಸ್ತಕವನ್ನು ಮೂಗಿನಿಂದ ಸುಮಾರು 7 ಸೆಂಟಿಮೀಟರ್ ದೂರದಲ್ಲಿ ಹಿಡಿದೂ ಓದಬಲ್ಲಳು. 40ಕ್ಕೆ ಆ ದೂರ 22 ಸೆಂಟಿಮೀಟರಿನ ಆಸುಪಾಸಿಗೆ ಬರುತ್ತದೆ. 50ಕ್ಕೆ 40 ಸೆಂಟಿಮೀಟರ್. ಅಂದರೆ ಪತ್ರಿಕೆ ಹಿಡಿದ ಕೈ ಚಾಚುತ್ತಾ ಹೋಗುತ್ತದೆ. ಇದೇ ನಾವು ಚಾಳೀಸು ಎನ್ನುವುದು. ಮಗ್ಗದಲ್ಲಿ ಕೂತವರಿಗೂ ಬರುತ್ತದೆ, ಜೀವನವಿಡೀ ಎತ್ತು ಹೊಡೆದವರಿಗೂ ಬರುತ್ತದೆ. ಎತ್ತು ಹೊಡೆದವರಿಗೆ ಅದು ಬಂದದ್ದು ತಿಳಿಯುವುದೇ ಇಲ್ಲ, ಎಳೆ ಎಣಿಸುವವರಿಗೆ ಮೊದಲ ದಿನವೇ ತಿಳಿಯುತ್ತದೆ. ಇಷ್ಟೇ ವ್ಯತ್ಯಾಸ.

ಇದಕ್ಕೆ ಮದ್ದು ಒಂದು ಜೊತೆ ಗಾಜು. ಐದು ನೂರು ವರ್ಷದ ಹಿಂದೆಯೇ ನಮ್ಮ ನೆಲದಲ್ಲಿ ಅದು ಇತ್ತು. ವಿಜಯನಗರದ ಕಾಲದಲ್ಲಿ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ ವ್ಯಾಸಯೋಗಿಚರಿತದಲ್ಲಿ ವ್ಯಾಸರಾಯರು ಕನ್ನಡಕ ಧರಿಸಿ ಗ್ರಂಥ ಓದುವ ವರ್ಣನೆ ಇದೆ. ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಚರಿತ್ರೆ ಹುಡುಕುತ್ತಾ ಈ ಉಲ್ಲೇಖವನ್ನು ಎತ್ತಿ ತೋರಿಸಿದರು. ಅದೇ ಹದಿನಾರನೆಯ ಶತಮಾನದಲ್ಲಿ, 1584ರಲ್ಲಿ, ಪೈಠಣದ ಸಂತ ಏಕನಾಥರು ಜ್ಞಾನೇಶ್ವರಿಯ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಪಾಠ ಶುದ್ಧಿ ಮಾಡಿ ಮುಗಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಕೈಬರಹದ ಪ್ರತಿಗಳನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡುವ ಕೆಲಸ ಎಳೆ ಎಣಿಸುವ ಕೆಲಸಕ್ಕೆ ಏನೂ ಕಡಿಮೆಯಿಲ್ಲ.

ಅಂದು ಮಠಾಧಿಪತಿಗಳಿಗೆ ದಕ್ಕಿದ ಕನ್ನಡಕ ಇಂದು ಸಂತೆಯಲ್ಲಿ ಸಿಗುತ್ತದೆ. ಆದರೂ ಕಸುಬುದಾರರ ಮೂಗಿನ ಮೇಲೆ ಅದು ಏಕೆ ಇಲ್ಲ? ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆ ಎಂಬ ಭಯ ಒಂದು. ಮುದುಕರಾದೆವು ಎಂದು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂಬ ಸಂಕೋಚ ಇನ್ನೊಂದು. ಹೆಂಗಸರಲ್ಲಿ ಈ ಸಂಕೋಚ ಹೆಚ್ಚು. ತನಗಾಗಿ ಖರ್ಚು ಮಾಡಿಕೊಳ್ಳಲು ಹಿಂಜರಿಯುವ ಅಭ್ಯಾಸವೂ ಅದಕ್ಕೆ ಸೇರಿಕೊಳ್ಳುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. 40 ದಾಟಿದ, ಹತ್ತಿರದ ನೋಟ ಮಂಜಾದ ಎಲೆ ಕೀಳುವ ಕೆಲಸಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಪಡೆದವರು ಕಿತ್ತ ಎಲೆಯ ತೂಕದಲ್ಲಿ ಆದ ಏರಿಕೆ ಮತ್ತೊಂದು ಗುಂಪಿಗಿಂತ ಐದರಲ್ಲಿ ಒಂದು ಪಾಲಿಗೂ ಮಿಗಿಲಾಗಿತ್ತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಇಂಥದೇ ಅಧ್ಯಯನ 2024ರಲ್ಲಿ ಬಂತು. ಅಲ್ಲಿ ಓದುವ ಕನ್ನಡಕ ಸಿಕ್ಕವರ ತಿಂಗಳ ಗಳಿಕೆ ಸಿಗದವರಿಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚಿತ್ತು. ಚಹಾ ಎಲೆಯ ಚಿಗುರು ಆರಿಸಲು ಇಷ್ಟು ನೆರವಾದರೆ, ನವಿಲಿನ ಗರಿಯನ್ನು ಎಳೆ ಎಳೆಯಾಗಿ ಕೂಡಿಸುವವರಿಗೆ ಎಷ್ಟು ನೆರವಾಗಬಹುದು ಎಂದು ನೀವೇ ಯೋಚಿಸಿ. ಮಗ್ಗ ಕೊಳ್ಳಲು ಸಾಲ ಕೊಡುವ ಸಹಕಾರ ಸಂಘಗಳು ಅದರ ಜೊತೆಗೇ ಕಣ್ಣು ಪರೀಕ್ಷೆಯನ್ನೂ ಮಾಡಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಲಾಳಿ, ಹಣಿಗೆ ಎಷ್ಟು ಮುಖ್ಯವೋ ಕನ್ನಡಕವೂ ಅಷ್ಟೇ ಮುಖ್ಯವಾದ ಸಾಮಾನು.

ಎರಡನೆಯದು ಬೆಳಕು. 60 ವರ್ಷದವರ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಹಾಗಾಗಿ ಮೊಮ್ಮಗನಿಗೆ ಸಾಕಾಗುವ ದೀಪ ಅಜ್ಜನಿಗೆ ಸಾಲದು. ನಮ್ಮ ಮನೆಗಳಲ್ಲಿ ದೀಪ ಸೂರಿನ ಹತ್ತಿರ ನೇತಾಡುತ್ತದೆ, ಕೆಲಸ ನೆಲದ ಹತ್ತಿರ ನಡೆಯುತ್ತದೆ. ಕುಣಿಮಗ್ಗದಲ್ಲಂತೂ ನೇಕಾರರು ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲೇ ಕೂತಿರುತ್ತಾರೆ. ಆರು ಅಡಿ ದೂರದ ದೀಪವನ್ನು ಮೂರು ಅಡಿಗೆ ತಂದರೆ ಎಳೆಯ ಮೇಲೆ ಬೀಳುವ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಹೆಚ್ಚು ವಾಟಿನ ಬಲ್ಬು ತರುವ ಬದಲು ಇರುವುದನ್ನೇ ಹತ್ತಿರ ತನ್ನಿ. ದೀಪ ಪಕ್ಕದಿಂದ ಬೀಳಲಿ. ಬಲಗೈಯಲ್ಲಿ ಬರೆಯುವವರಿಗೆ, ಹೊಲಿಯುವವರಿಗೆ ಎಡಗಡೆಯಿಂದ ಬಂದರೆ ಕೈಯ ನೆರಳು ಅಡ್ಡ ಬರುವುದಿಲ್ಲ. ಬಲ್ಬಿಗೆ ಒಂದು ಮುಚ್ಚು ಇರಲಿ, ಜರಿಯ ಹೊಳಪು ನೇರ ಕಣ್ಣಿಗೆ ಹೊಡೆಯದಿರಲಿ.

ಇನ್ನು ವಿಶ್ರಾಂತಿ. ಹತ್ತಿರದ್ದನ್ನು ನೋಡುವಷ್ಟು ಹೊತ್ತೂ ಒಳಗಿನ ಆ ಸ್ನಾಯು ಬಿಗಿದೇ ಇರುತ್ತದೆ, ದೂರ ನೋಡಿದಾಗ ಸಡಿಲವಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಯ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು ಇದಕ್ಕೇ. ಪೈಠಣದವರಿಗೆ ದೂರ ನೋಡಲು ಜಾಗಕ್ಕೆ ಬರವಿಲ್ಲ. 1976ರಲ್ಲಿ ಉದ್ಘಾಟನೆಯಾದ ಜಾಯಕವಾಡಿ ಅಣೆಕಟ್ಟಿನ ಹಿಂದೆ ನಾಥಸಾಗರದ ನೀರು ಕಣ್ಣು ಹರಿಯುವಷ್ಟು ದೂರ ಹರಡಿದೆ. ಅದರ ಕೆಳಗಿನ ಜ್ಞಾನೇಶ್ವರ ಉದ್ಯಾನವನ್ನು ನಮ್ಮ ಮೈಸೂರಿನ ಬೃಂದಾವನದ ಮಾದರಿಯಲ್ಲಿ ಮಾಡಿದ್ದಾರೆ. ಆದರೆ ದಿನವೂ ಯಾರೂ ಅಲ್ಲಿಗೆ ಹೋಗಲಾರರು, ಬೇಕಾಗಿಯೂ ಇಲ್ಲ. ಬಾಗಿಲಾಚೆಯ ಬೇವಿನ ಮರದ ತುದಿ ಸಾಕು, ಎದುರು ಮನೆಯ ಮಾಳಿಗೆ ಸಾಕು.

ಜೊತೆಗೆ ಕಣ್ಣು ಮಿಟುಕಿಸುವುದು. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಹದಿನೈದು ಸಲದಷ್ಟು ರೆಪ್ಪೆ ಬಡಿಯುತ್ತೇವೆ. ಸೂಕ್ಷ್ಮ ಕೆಲಸದಲ್ಲಿ ಮನಸ್ಸು ನೆಟ್ಟಾಗ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಕಣ್ಣೀರಿನ ತೆಳು ಪದರ ಒಣಗುತ್ತದೆ, ಉರಿ, ಮರಳು ಬಿದ್ದಂಥ ಅನುಭವ, ಸಂಜೆಗೆ ಕೆಂಪು. ಕಂಪ್ಯೂಟರಿನ ಮುಂದೆ, ಮೊಬೈಲಿನ ಮುಂದೆ ಕೂತ ನಮ್ಮ ಮಕ್ಕಳಿಗೂ ಆಗುವುದು ಇದೇ. ಹನಿ ಔಷಧಿ ಹುಡುಕುವ ಮುಂಚೆ ಹತ್ತು ಸಲ ನಿಧಾನವಾಗಿ ರೆಪ್ಪೆ ಪೂರ್ತಿ ಮುಚ್ಚಿ ತೆರೆದು ನೋಡಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದ ಹಾಗೆ ತಿರುಗಿಸಿ.

ಹನಿ ಔಷಧಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕಣ್ಣು ಕೆಂಪಾದಾಗ ಅಂಗಡಿಗೆ ಹೋಗಿ ಹಳೆಯ ಬಾಟಲಿ ತೋರಿಸಿ ಅದೇ ಕೊಡಿ ಎನ್ನುವ ರೂಢಿ ಗಡಿಯ ಆಚೆಗೂ ಈಚೆಗೂ ಇದೆ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಮಾಯವಾಗುತ್ತದೆ, ಹಿತವೆನಿಸುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಒಳಗಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ. ಸೋಂಕಿನ ಹುಣ್ಣಿದ್ದಾಗ ಹಾಕಿದರೆ ಕಣ್ಣೇ ಹೋಗಬಹುದು. ಎದೆಹಾಲು, ಜೇನು, ಎಲೆಯ ರಸ ಹಿಂಡುವುದೂ ಬೇಡ. ಪ್ರೀತಿಯಿಂದಲೇ ಮಾಡುತ್ತಾರೆ, ನನಗೆ ಗೊತ್ತು. ಆದರೆ ಗಾಯವಾದ ಕಣ್ಣಿಗೆ ಅದು ಕ್ರಿಮಿಯನ್ನು ಕೈಯಾರೆ ಹಾಕಿದ ಹಾಗೆ.

ಗಾಯ ಆಗುವುದು ಎಲ್ಲಿ? ಜಾಯಕವಾಡಿಯ ಕಾಲುವೆ ನೀರು ಬಂದ ಮೇಲೆ ಆ ಸೀಮೆಯಲ್ಲಿ ಕಬ್ಬು ಬೆಳೆಯಿತು. ಬೆಳಗಾವಿ, ಬಾಗಲಕೋಟೆಯಲ್ಲೂ ಕಬ್ಬೇ ಕಬ್ಬು. ಕಬ್ಬಿನ ಗರಿಯ ಅಂಚು ಗರಗಸ. ಕಟಾವಿನ ಹೊತ್ತಿನಲ್ಲಿ ಅದು ಕಣ್ಣಿಗೆ ಬಡಿದರೆ ಪಾರದರ್ಶಕ ಪಟಲದ ಮೇಲೆ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಆ ಗೀರಿನಲ್ಲಿ ಶಿಲೀಂಧ್ರ ಕೂತರೆ ಹುಣ್ಣು, ಹುಣ್ಣು ಮಾಗಿದರೆ ಬಿಳಿ ಕಲೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಇಂಥ ಗೀರಿಗೆ ಬೇಗನೆ ಸೋಂಕು ತಡೆಯುವ ಮುಲಾಮು ಹಚ್ಚಿಸಿದರು. ಬಹುಪಾಲು ಕಣ್ಣುಗಳಲ್ಲಿ ಹುಣ್ಣು ಆಗಲೇ ಇಲ್ಲ. ಅವರ ಗೆಲುವೆಲ್ಲ ಬೇಗ ಬಂದದ್ದರಲ್ಲಿತ್ತು. ಗರಿ ಬಡಿದ ದಿನವೇ ಹೋಗಿ. ಬಿತ್ತುವಾಗ, ಕಟಾವು ಮಾಡುವಾಗ, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ರಕ್ಷೆಯ ಕನ್ನಡಕ ಹಾಕಿಕೊಳ್ಳಿ.

ಮನೆಯೊಳಗಿನ ಅಪಾಯ ಸುಣ್ಣ. ಮರಾಠವಾಡದಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ತಂಬಾಕಿಗೆ, ಎಲೆ ಅಡಿಕೆಗೆ ಸುಣ್ಣ ಬೇಕೇ ಬೇಕು. ಪ್ಲಾಸ್ಟಿಕ್ ಪೊಟ್ಟಣದಲ್ಲೋ ಟ್ಯೂಬಿನಲ್ಲೋ ಸಿಗುತ್ತದೆ. ಅಜ್ಜನ ಚಂಚಿಯಿಂದ ಮಗು ಅದನ್ನು ತೆಗೆದು ಅಮುಕುತ್ತದೆ, ಅದು ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಆಮ್ಲಕ್ಕಿಂತ ಕೆಟ್ಟದ್ದು. ಅದು ಕಣ್ಣಿನ ಪದರಗಳನ್ನು ಕರಗಿಸುತ್ತಾ ಒಳಗೆ ಇಳಿಯುತ್ತದೆ. ಹೀಗಾದಾಗ ಮೊದಲು ಆಸ್ಪತ್ರೆಗೆ ಓಡಬೇಡಿ, ಮೊದಲು ತೊಳೆಯಿರಿ. ರೆಪ್ಪೆ ಬಿಡಿಸಿ ಹಿಡಿದು, ಚೊಕ್ಕ ನೀರನ್ನು ಧಾರೆಯಾಗಿ ಅರ್ಧ ಗಂಟೆಯವರೆಗೂ ಹೊಯ್ಯಿರಿ. ಮಗು ಅಳಲಿ, ಬಿಡಬೇಡಿ. ಆಮೇಲೆ ಆಸ್ಪತ್ರೆ. ಆ ಅರ್ಧ ಗಂಟೆಯಲ್ಲಿ ನೀವು ಉಳಿಸುವಷ್ಟನ್ನು ಆಮೇಲೆ ಯಾವ ವೈದ್ಯರೂ ಉಳಿಸಲಾರರು. ಸುಣ್ಣವನ್ನು ಮಗುವಿನ ಕೈಗೆ ಎಟುಕದ ಎತ್ತರದಲ್ಲಿಡುವುದನ್ನು ಇವತ್ತೇ ಶುರು ಮಾಡಿ.

ಸದ್ದಿಲ್ಲದೆ ಬರುವ ಕಾಯಿಲೆಗಳು ಬೇರೆ. ಗ್ಲಾಕೋಮಾದಲ್ಲಿ ನೋಟ ಅಂಚಿನಿಂದ ಕರಗುತ್ತಾ ಬರುತ್ತದೆ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುವುದರಿಂದ ರೋಗಿಗೆ ಗೊತ್ತಾಗುವುದೇ ಇಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಔಷಧಿಯಿಂದ ಕಾಯಬಹುದು. ಅಪ್ಪ ಅಮ್ಮನಿಗೆ, ಅಣ್ಣ ತಂಗಿಗೆ ಇದ್ದರೆ ನೀವು ತಪ್ಪದೆ ತೋರಿಸಿಕೊಳ್ಳಬೇಕು. ಸಂತೆಯ ಕನ್ನಡಕ ಕೊಂಡವರೂ ಒಮ್ಮೆಯಾದರೂ ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವುದು ಇದಕ್ಕಾಗಿಯೇ. ಇನ್ನು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಅದು ಇದೆ. ಅವರೆಲ್ಲ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಹಿಂಪರದೆ ತೋರಿಸಬೇಕು. ಕಣ್ಣು ಚೆನ್ನಾಗಿ ಕಾಣುತ್ತಿದೆ ಎನ್ನುವುದು ತೋರಿಸದಿರಲು ಕಾರಣವಾಗದು.

ಪೊರೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ 50 ದಾಟಿದವರ ಕುರುಡಿಗೆ ಅತಿ ದೊಡ್ಡ ಕಾರಣ ಇಂದಿಗೂ ಅದೇ. 2015ರಿಂದ 2019ರ ನಡುವೆ ನಡೆದ ರಾಷ್ಟ್ರೀಯ ಸಮೀಕ್ಷೆ ಮೂರರಲ್ಲಿ ಎರಡು ಪಾಲು ಎಂದು ಲೆಕ್ಕ ಕೊಟ್ಟಿತು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರು ಹಿರಿಯ ಕೇಳುಗರಿಗೆಲ್ಲ ನೆನಪಿರುತ್ತದೆ. ಊರೂರಿಗೆ ಹೋಗಿ ಶಾಲೆಗಳಲ್ಲಿ, ಛತ್ರಗಳಲ್ಲಿ ಶಿಬಿರ ಹೂಡಿ, ಒಂದೇ ದಿನ ನೂರಾರು ಜನರ ಪೊರೆ ತೆಗೆದು ದೃಷ್ಟಿ ಕೊಟ್ಟ ಪುಣ್ಯಾತ್ಮರು. 1968ರಲ್ಲಿ ಪದ್ಮಭೂಷಣ ಸಂದ ಅವರು 2005ರಲ್ಲಿ ತೀರಿಕೊಂಡರು. ಅವರ ಶಿಬಿರಗಳ ಕಾಲದಲ್ಲಿ ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಅದಕ್ಕೆ ಪೊರೆ ಬಲಿತಿರಬೇಕಾಗಿತ್ತು, ಆಮೇಲೆ ದಪ್ಪ ಗಾಜಿನ ಕನ್ನಡಕ ಬೇಕಾಗಿತ್ತು. ಅಂಥ ಕನ್ನಡಕಕ್ಕಿಂತ ತನ್ನ ಮಂಜುಗಣ್ಣೇ ವಾಸಿ ಎನ್ನುವಷ್ಟು ದಿನ ಕಾಯುವುದು ಆಗ ಸರಿಯೂ ಆಗಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರ ಕೂಡಿಸುವ ದಾರಿ ತೋರಿಸಿದರು. ಅದು ಹಳ್ಳಿಗಳಿಗೆ ತಲುಪಲು ದಶಕಗಳು ಹಿಡಿದವು. ಈಗ ಎಲ್ಲ ತಾಲ್ಲೂಕುಗಳ ಜನಕ್ಕೂ ಅದು ಎಟುಕುತ್ತದೆ. ಆದರೆ ಪೊರೆ ಹಣ್ಣಾಗಲಿ ಎನ್ನುವ ಹಳೆಯ ಮಾತು ಮಾತ್ರ ಮನೆಮನೆಯಲ್ಲಿ ಉಳಿದುಬಿಟ್ಟಿದೆ. ಇವತ್ತಿನ ಶಸ್ತ್ರಕ್ರಿಯೆಗೆ ಪೊರೆ ಹಣ್ಣಾಗಬೇಕಿಲ್ಲ. ಅತಿಯಾಗಿ ಬಲಿತರೆ ಕಷ್ಟವೇ ಹೆಚ್ಚು. ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸಲಾರದೆ ಹೋದ ದಿನವೇ, ಮೆಟ್ಟಿಲ ಮೇಲೆ ಕಾಲು ತಡವರಿಸಿದ ದಿನವೇ ಕರೆದುಕೊಂಡು ಹೋಗಿ.

ಮಕ್ಕಳ ವಿಷಯ ಇನ್ನೊಂದು ಭಾಷಣಕ್ಕೆ ಆಗುವಷ್ಟಿದೆ. ಒಂದೇ ಮಾತು ಹೇಳುತ್ತೇನೆ: ಬಯಲಿಗೆ ಬಿಡಿ. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಸಮೀಪದೃಷ್ಟಿ ಹೊಸದಾಗಿ ಬಂದವರು ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 30, ಉಳಿದವರಲ್ಲಿ ಸುಮಾರು 40. ಬಿಸಿಲ ಬೆಳಕಿಗೆ ಖರ್ಚಿಲ್ಲ. ತಟ್ಟೆಯಲ್ಲಿ ನುಗ್ಗೆಸೊಪ್ಪು, ಮೆಂತ್ಯ, ಪಪ್ಪಾಯಿ ಇರಲಿ, ಒಂಬತ್ತನೆಯ ತಿಂಗಳಿಂದ ಐದು ವರ್ಷದವರೆಗೆ ಅಂಗನವಾಡಿಯಲ್ಲಿ ಹಾಕುವ ಎ ಜೀವಸತ್ವದ ಹನಿ ತಪ್ಪದಿರಲಿ.

ಇಷ್ಟು ಹೇಳಿದ ಮೇಲೆ ಈಗಲೇ ಮಾಡಬಹುದಾದ ಒಂದು ಕೆಲಸ ಕೊಡುತ್ತೇನೆ. ರೇಡಿಯೋ ಆರಿಸಿ ಗೋಡೆಯ ಕ್ಯಾಲೆಂಡರಿನಿಂದ ಹತ್ತು ಅಡಿ ದೂರ ನಿಲ್ಲಿ. ಕನ್ನಡಕ ಇದ್ದರೆ ಹಾಕಿಕೊಂಡೇ ಇರಿ. ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಒತ್ತದೆ, ತಾರೀಖುಗಳನ್ನು ಓದಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ, ಹಾಗಾಗಿ ವರ್ಷಗಟ್ಟಲೆ ಒಂದೇ ಕಣ್ಣಿನಲ್ಲಿ ಬದುಕುತ್ತಿರುವವರು ನಮ್ಮ ನಡುವೆ ಇದ್ದಾರೆ. ಎರಡರ ನಡುವೆ ವ್ಯತ್ಯಾಸ ಕಂಡರೆ, ಗೆರೆಗಳು ಸೊಟ್ಟಗೆ ಕಂಡರೆ, ನಡುವೆ ಮಬ್ಬು ಚುಕ್ಕೆ ಕಂಡರೆ ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪೈಠಣದ ಕಡೆಯವರಿಗೆ ಸಂಭಾಜಿನಗರದ ಸರ್ಕಾರಿ ಆಸ್ಪತ್ರೆ, ಜನ ಘಾಟಿ ಎನ್ನುವುದು, 50 ಕಿಲೋಮೀಟರಿನಷ್ಟು ದೂರದಲ್ಲಿದೆ. ಕರ್ನಾಟಕದಲ್ಲಿ ಕಣ್ಣು ಪರೀಕ್ಷಿಸುವ ಆಶಾಕಿರಣ ಯೋಜನೆಯವರು ಮನೆ ಬಾಗಿಲಿಗೆ ಬಂದಾಗ ನಮಗೇನಾಗಿದೆ ಎಂದು ಕಳಿಸಿಬಿಡಬೇಡಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಕ್ಯಾಲೆಂಡರಿನ ಬದಲು ನಿಮ್ಮ ಬೆರಳುಗಳನ್ನು ತೋರಿಸಿ, ಎಷ್ಟು ಎಂದು ಕೇಳಿ, ಒಂದೊಂದೇ ಕಣ್ಣಿಗೆ.